ಹಸಿರು ರಿಬ್ಬನ್ನಿನ ಹಾಲೇಶಪ್ಪ

ಫ್ಯಾನಿನ ಕೆಳಗೇ ಕುಳಿತಿದ್ದರೂ ಹಾಲೇಶಪ್ಪನವರ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

"ಎದಿ ನೋವು ಏನರ ಐತೇನ್ರಿ?" ಎಂದು ಕೇಳಿದ ಮೌನೇಶ. ಕೊಟ್ಟೂರಿನ ಆ ಪಾದದ ಆಸ್ಪತ್ರೆಯಲ್ಲಿ ಗಾಯಕ್ಕೆ ಬಟ್ಟೆ ಕಟ್ಟುವವನು ಅವನೇ.

"ಏನಿಲ್ಲೋ ತಮ್ಮಾ, ಬಿಸಲು."

ಹೊರಗೆ ಬಂದ ಡಾಕ್ಟರ್ ವಾಣಿಶ್ರೀ ಹಾಲೇಶಪ್ಪನವರ ಮುಖ ನೋಡಿದವರೇ ಇ.ಸಿ.ಜಿ. ಮಾಡಿಸಿದರು. ನೋವೇ ಇಲ್ಲದೆ ಹೃದಯಾಘಾತವಾಗಿತ್ತು. ಆಂಬುಲೆನ್ಸ್ ದಾವಣಗೆರೆಗೆ ಹೊರಟಾಗ ಹೆಂಡತಿ ಕೊಟ್ರಬಸಮ್ಮ ಗಾಬರಿಯಲ್ಲಿ ಚಪ್ಪಲಿ ಮರೆತು ಹತ್ತಿದರು.

ವಾಣಿಶ್ರೀ ಬಾಗಿಲಿಗೆ ಹೋಗಿ ಹಾಲೇಶಪ್ಪನವರ ಮೆತ್ತನೆಯ ಚಪ್ಪಲಿ ಎತ್ತಿಕೊಂಡರು. "ಇವರದು ಕೆಂಪಲ್ಲೇನು ಮೌನೇಶ? ಹಸಿರು ರಿಬ್ಬನ್ ಯಾರು ಕಟ್ಟಿದ್ರು?"

ಸಕ್ಕರೆ ಕಾಯಿಲೆಯಿಂದ ಪಾದ ಹುಣ್ಣಾದವರಿಗೆ ಸಾವು ಬರುವುದು ಹೆಚ್ಚಾಗಿ ಹುಣ್ಣಿನಿಂದಲ್ಲ, ಹೃದಯದಿಂದಲೋ ಮೂತ್ರಪಿಂಡದಿಂದಲೋ. ಹಾಗಾಗಿ ವಯಸ್ಸು, ಮೂತ್ರಪಿಂಡ, ರಕ್ತಹೀನತೆ, ಕಾಲಿಗೆ ಹರಿಯುವ ರಕ್ತ ಎಲ್ಲವನ್ನೂ ತೂಗಿ ನೋಡಿ, ಪ್ರಾಣಾಪಾಯ ಹೆಚ್ಚಿದ್ದವರ ಚಪ್ಪಲಿಗೆ ಡಾಕ್ಟರು ಮೌನೇಶನಿಂದ ಕೆಂಪು ರಿಬ್ಬನ್ ಕಟ್ಟಿಸುತ್ತಿದ್ದರು, ಉಳಿದವರಿಗೆ ಹಸಿರು. ಎಲ್ಲರೂ ಚಪ್ಪಲಿ ಬಿಡುವುದು ಬಾಗಿಲಲ್ಲೇ. ಅಲ್ಲಿ ನೋಡಿಕೊಂಡು ಕೆಂಪಿನವರನ್ನು ಮೌನೇಶ ಮೊದಲು ಇ.ಸಿ.ಜಿ.ಗೆ ಕರೆಯುತ್ತಿದ್ದ. ಅಂದು ಮೊದಲು ಕರೆದದ್ದು ಕೊಟ್ರಬಸಮ್ಮನವರನ್ನು. ಅವರಿಗೂ ಪಾದದಲ್ಲಿ ಸಣ್ಣ ಗಾಯವಿತ್ತು. ಇ.ಸಿ.ಜಿ. ಚೊಕ್ಕವಾಗಿ ಬಂದಿತ್ತು.

ಕಟ್ಟಿದ ಪ್ರತಿ ಗಂಟನ್ನೂ ಎರಡೆರಡು ಸಲ ಎಳೆದು ನೋಡುವ ಮನುಷ್ಯ ಅವನು. ಆದರೂ ತಾನೇ ಬಣ್ಣ ತಪ್ಪಿದೆನೇನೋ ಎಂಬ ಹೆದರಿಕೆ ಅವನನ್ನು ತಿನ್ನತೊಡಗಿತು. ರಿಬ್ಬನ್ ಅವನೇನಾದರೂ ಬದಲಿಸಿದನೇ ಎಂದು ಕೇಳಲು, ಆಸ್ಪತ್ರೆಯ ಚಪ್ಪಲಿಗಳ ಬಾರು ಹೊಲಿಯುವ ಹುಲುಗಣ್ಣನ ಹತ್ತಿರ ಓಡಿದ.

"ಲೇ ಮೌನ್ಯಾ, ನಾ ಹೊಲಿಯಾಂವ, ಗಂಟು ಹಾಕಾಂವಲ್ಲ. ನಿನ್ನ ಕೈ ನಡುಗಿದ್ರ ನನ್ನ ಹೆಸರ‍್ಯಾಕ ಹೇಳ್ತಿ?" ಎಂದು ಹುಲುಗಣ್ಣ ರೇಗಿದ.

ಮರಳಿ ಬಂದಾಗ ವಾಣಿಶ್ರೀ ಭೂತಗನ್ನಡಿಯಲ್ಲಿ ಹಸಿರು ರಿಬ್ಬನ್ ನೋಡುತ್ತಿದ್ದರು. ಊರಿನವರು ಅವರನ್ನು ಪತ್ತೇದಾರಮ್ಮ ಎಂದು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ.

"ಕೊಟ್ರಬಸಮ್ಮಾರ ತವರು ಯಾವೂರು?"

"ಹಡಗಲಿ ಕಡೆ ಮಾಗಳ, ಮೇಡಂ. ಮಲ್ಲಿಗಿ ತೋಟದ ಮನಿ."

"ಹೌದಾ," ಎಂದಷ್ಟೇ ಹೇಳಿ ಅವರು ಗಂಡ ಹೆಂಡತಿಯ ಎರಡೂ ಜೊತೆ ಚಪ್ಪಲಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಹಾಲೇಶಪ್ಪನವರು ಚೇತರಿಸಿಕೊಂಡು ಬಂದ ದಿನ ವಾಣಿಶ್ರೀ ಎಲ್ಲರನ್ನೂ ಒಳಗೆ ಕೂಡಿಸಿದರು. ಕೆಲಸ ಬಿಡುತ್ತೇನೆಂದು ಹೇಳಲು ಮೌನೇಶ ಮಾತು ಜೋಡಿಸಿಕೊಂಡೇ ಬಂದಿದ್ದ.

"ಮೌನೇಶ ಗಾಯಕ್ಕ ಕಟ್ಟಿದಂಗ ಬಿಗಿ ಗಂಟು ಹಾಕ್ತಾನ," ಎಂದು ಅವರು ಶುರುಮಾಡಿದರು. "ಹುಲುಗಣ್ಣ ಗಂಟೇ ಹಾಕಂಗಿಲ್ಲ. ಈ ಹಸಿರು ನೋಡ್ರಿ, ಎರಡು ಸುತ್ತು ಸುತ್ತಿ ಕುಣಿಕಿ ಎಳೆದದ್ದು. ಹೂ ಕಟ್ಟೋರ ಗಂಟು. ಸರಿ, ಹಾಲೇಶಪ್ಪಾರ ಕೆಂಪು ಎಲ್ಲಿ ಹೋತು? ಎದಿ ಗಟ್ಟಿ ಇದ್ದೋರೊಬ್ಬರು ಅವತ್ತು ಕೆಂಪಿನ ಸಾಲಿನ್ಯಾಗ ಬಂದ್ರಲ್ಲ." ಅವರು ಇನ್ನೊಂದು ಜೊತೆಯನ್ನು ಮೇಜಿನ ಮೇಲಿಟ್ಟರು. ಅದರ ಮೇಲೆ ಕೆಂಪು, ಗಂಟು ಮಾತ್ರ ಅದೇ. "ಅಮ್ಮಾ, ನಿಮ್ಮದು ಹಸಿರಿತ್ತು."

ಕೊಟ್ರಬಸಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಕೆಂಪಿನೋರು ಮಳಿಗಾಲ ಕಾಣಂಗಿಲ್ಲ ಅಂತ ಬಾಗಲದಾಗ ಮಂದಿ ಮಾತಾಡ್ತಿದ್ರು. ಇವ್ರ ಕಿವಿಗೆ ಬಿದ್ರ ಹೆಂಗ್ರಿ? ಬಣ್ಣ ನಾ ತಗೊಂಡ್ರ ಕುತ್ತೂ ನನಗ ಬರ್ತೈತಿ ಅಂದ್ಕೊಂಡೆ."

ಕೆಲಸ ಬಿಡುವ ಮಾತನ್ನು ಮೌನೇಶ ಅಲ್ಲಿಗೇ ಕೈಬಿಟ್ಟ.

"ಕೆಂಪು ಅಂದ್ರ ಸಾವಿನ ತಾರೀಖಲ್ಲಮ್ಮ," ಎಂದರು ವಾಣಿಶ್ರೀ ಮೆಲ್ಲಗೆ. "ನರ ಸತ್ತ ಕಾಲಿಗೆ ಮುಳ್ಳು ಗೊತ್ತಾಗಂಗಿಲ್ಲ. ಹಂಗ ಎದಿ ನೋವೂ ಗೊತ್ತಾಗ್ಲಿಕ್ಕಿಲ್ಲ. ಅಂಥೋರು ಮೊದಲು ನನ್ನ ಕಣ್ಣಿಗೆ ಬೀಳ್ಲಿ ಅಂತ ಈ ಬಣ್ಣ. ಊರಿಗೆಲ್ಲ ಕಾಣೂ ಹಂಗ ಕಟ್ಟಿಸಬಾರದಿತ್ತು. ಇನ್ನು ಮ್ಯಾಲೆ ಬಾರಿನ ಒಳಮೈಗೆ ಕಟ್ಟೋಣ."

ಹಾಲೇಶಪ್ಪನವರು ಇಷ್ಟು ಹೊತ್ತೂ ಹೆಂಡತಿಯನ್ನೇ ನೋಡುತ್ತಿದ್ದರು. ತಮ್ಮ ಚಪ್ಪಲಿಯನ್ನು ಅವರ ಮುಂದೆ ಸರಿಸಿದರು.

"ನನ್ನ ಕೆಂಪು ನನಗ ಕೊಡು ಇವಳೇ. ನಿನ್ನ ಕೈಯಾರೆ ಕಟ್ಟು. ಮುಂದಿನ ಸಲ ಮೊದಲು ಒಳಗ ಹೋಗಾಂವ ನಾನ."

ಕೊಟ್ರಬಸಮ್ಮ ಕಣ್ಣೊರೆಸಿಕೊಂಡು ಕೆಂಪು ರಿಬ್ಬನ್ನನ್ನು ಎರಡು ಸುತ್ತು ಸುತ್ತಿ ಕುಣಿಕೆ ಎಳೆದರು. ಆ ಒಂದು ಗಂಟನ್ನು ಮಾತ್ರ ಮೌನೇಶ ಎಳೆದು ನೋಡಲಿಲ್ಲ.