ಇನ್ನೂರ ಹನ್ನೆರಡನೆಯ ಮೊಳೆ

ಗಾಜಿನ ಪೆಟ್ಟಿಗೆ ಒಡೆದಿತ್ತು. ನೆಲದ ತುಂಬ ಮೊಳೆಗಳು.

ಬಾಗಿದ, ತುಕ್ಕು ಹಿಡಿದ ಮೊಳೆಗಳು. ಒಂದೊಂದಕ್ಕೂ ಕೆಂಪು ದಾರದಲ್ಲಿ ಕಟ್ಟಿದ ಪುಟ್ಟ ಚೀಟಿ. ಬುಧವಾರ ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆರೆದ ತಿತ್ಸಿಯಾನೊ ಬೆಲ್ಲೆಯಿ ಹೊಸ್ತಿಲಲ್ಲೇ ನಿಂತ. ಒಂದು ಹೆಜ್ಜೆಯನ್ನೂ ಮುಂದಿಡದೆ ಠಾಣೆಗೆ ಫೋನ್ ಮಾಡಿದ.

ಠಾಣೆಯ ಮುಖ್ಯಸ್ಥೆ, ಮರೆಶಾಲ್ಲೊ ನಿವೆಸ್ ಕೊರ್ಬೆಲ್ಲಿ ಹತ್ತು ನಿಮಿಷದಲ್ಲಿ ಬಂದಳು. ಪೊ ನದಿಯ ಮಂಜು ಅಂಗಳದವರೆಗೂ ಹತ್ತಿ ಕೂತಿತ್ತು. ಟೋಪಿಯ ಮೇಲಿನ ಹನಿ ಒರೆಸಿಕೊಂಡು ಒಳಗೆ ಬಂದಳು.

ಅದು ಔರೇಲಿಯೊ ಬರ್ತಾಸ್ಸಿಯ ಮನೆ. ಇಪ್ಪತ್ತೇಳು ವರ್ಷ ದೇಶವಿದೇಶಗಳ ಒಪೆರಾ ರಂಗದ ಮೇಲೆ ಹಾಡಿದ ಗಾಯಕ. ಸತ್ತು ಒಂಬತ್ತು ವರ್ಷವಾಗಿತ್ತು. ಅವನ ಉಡುಪು, ಪತ್ರ, ಭಿತ್ತಿಚಿತ್ರ, ಬಣ್ಣದ ಡಬ್ಬಿ ಎಲ್ಲವನ್ನೂ ತಿತ್ಸಿಯಾನೊ ಮೂರು ವರ್ಷದಿಂದ ಒಂದೊಂದಾಗಿ ಧೂಳು ತೆಗೆದು, ಪಟ್ಟಿ ಮಾಡಿ, ಜೋಡಿಸಿದ್ದ. ಶನಿವಾರ ಆ ಮನೆ ಸಂಗ್ರಹಾಲಯವಾಗಿ ತೆರೆಯಬೇಕಿತ್ತು.

"ಏನೇನು ಹೋಗಿದೆ, ದೊತ್ತೋರೆ?" ಎಂದಳು ನಿವೆಸ್. ಓದಿದವನೆಂದು ತಿತ್ಸಿಯಾನೊನನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು.

"ಇದೇ ಪೆಟ್ಟಿಗೇಲಿದ್ದ ಚಿನ್ನದ ಗಡಿಯಾರ. ಎರಡು ಪದಕ. ಅಷ್ಟೇ ಅನ್ಸತ್ತೆ."

"ಬೀಗದ ಕೈ ಯಾರ ಹತ್ರ ಇದೆ?"

"ನನ್ನ ಹತ್ರ. ಲೋರಿಸ್ ಹತ್ರ. ಆಮೇಲೆ ಸಿನ್ಯೋರಾ ಜೆಲಿಂದಾ ಹತ್ರ."

ಲೋರಿಸ್ ಗಾಯಕನ ತಮ್ಮನ ಮಗ. ಹಿಂದೊಮ್ಮೆ ಕದ್ದ ಬೈಕು ಮಾರಿ ಸಿಕ್ಕಿಬಿದ್ದಿದ್ದ. ಇನ್ನೊಂದು ಸಲ ಸಿಕ್ಕರೆ ಜೈಲೇ ಎಂದು ನ್ಯಾಯಾಧೀಶರು ಹೇಳಿ ಕಳಿಸಿದ್ದರು. ಅವತ್ತು ನ್ಯಾಯಾಲಯಕ್ಕೆ ಅವನನ್ನು ಕರೆದುಕೊಂಡು ಹೋದವಳು ನಿವೆಸಳೇ.

ಹಿಂದಿನ ಕಿಟಕಿ ತೆರೆದಿತ್ತು. ನಿವೆಸ್ ಬಗ್ಗಿ ನೋಡಿದಳು. ಕಿಟಕಿಯ ಕಟ್ಟೆಯ ಮೇಲೆ ಧೂಳು ಕದಲಿರಲಿಲ್ಲ. ಆ ದಾರಿಯಲ್ಲಿ ಬೆಕ್ಕು ಕೂಡ ಬಂದಿರಲಿಲ್ಲ. ಪೆಟ್ಟಿಗೆಯ ಗಾಜೂ ವಿಚಿತ್ರವಾಗಿ ಒಡೆದಿತ್ತು. ಯಾರೋ ಮೇಲೆ ಬಟ್ಟೆ ಹಾಸಿ ಮೆಲ್ಲಗೆ ಒಡೆದಿದ್ದರು. ಪಕ್ಕದಲ್ಲೇ ಇದ್ದ ಹಳೆಯ ಸ್ವರಲಿಪಿಯ ಹಾಳೆಗಳ ಮೇಲೆ ಒಂದು ಚೂರೂ ಬಿದ್ದಿರಲಿಲ್ಲ.

ಜೆಲಿಂದಾ ಒಳಗೆ ಬಂದಳು. ಎಪ್ಪತ್ತೊಂಬತ್ತು ವಯಸ್ಸು. ಗಾಯಕನಿಗೆ ಹತ್ತೊಂಬತ್ತು ವರ್ಷ ರಂಗದ ಉಡುಪು ತೊಡಿಸಿದವಳು. ಈಗ ಅದೇ ಉಡುಪುಗಳಿಗೆ ಇಸ್ತ್ರಿ ಹಾಕುತ್ತ, ಹೊಲಿಗೆ ಬಿಟ್ಟಲ್ಲಿ ಹೊಲಿಯುತ್ತ ಇದ್ದಳು. ಒಡೆದ ಗಾಜನ್ನು ಒಮ್ಮೆ ನೋಡಿದಳು. ಆಮೇಲೆ ಗೋಡೆಯುದ್ದಕ್ಕೂ ಉಡುಪು ತೊಟ್ಟು ನಿಂತ ಗೊಂಬೆಗಳ ಕಡೆ ಹೋಗಿ, ಒಂದೊಂದೇ ಉಡುಪಿನ ಕಾಲರು, ತೋಳು ಸರಿಮಾಡುತ್ತ ನಡೆದಳು.

"ಒರೆಸ್ತೆಯ ಮಗಳಲ್ವಾ ನೀನು? ಬೂಟು ಒರೆಸ್ಕೊಂಡು ಬಂದಿದ್ದೀಯಾ ತಾನೆ?"

"ಒರೆಸ್ಕೊಂಡೇ ಬಂದೆ, ಸಿನ್ಯೋರಾ."

"ನಿಮ್ಮಪ್ಪ ಒರೆಸ್ತಿರ್ಲಿಲ್ಲ."

ತಿತ್ಸಿಯಾನೊ ಕೈಗವಸು ಹಾಕಿಕೊಂಡು ಮೊಳೆಗಳನ್ನು ಪಟ್ಟಿಯ ಪ್ರಕಾರ ಜೋಡಿಸತೊಡಗಿದ್ದ. ಒಪೆರಾ ಗಾಯಕರಲ್ಲಿ ಒಂದು ನಂಬಿಕೆ. ಪರದೆ ಏಳುವ ಮುಂಚೆ ರಂಗದ ಹಲಗೆಯ ಮೇಲೆ ಬಾಗಿದ ಮೊಳೆ ಸಿಕ್ಕಿದರೆ ಆ ರಾತ್ರಿ ಗೆದ್ದಂತೆ. ಬರ್ತಾಸ್ಸಿ ಪ್ರತಿ ಹೊಸ ಪ್ರಯೋಗದ ಮೊದಲ ರಾತ್ರಿ ಹುಡುಕಿ ಹೆಕ್ಕುತ್ತಿದ್ದ. ಹಾಗೆ ಇನ್ನೂರ ಹನ್ನೊಂದು ಸೇರಿದ್ದವು. ಕೊನೆಯ ಸಾಲಿನ ಕೊನೆಯಲ್ಲಿ ಒಂದು ಜಾಗ ಖಾಲಿ. ಅದರ ಕೆಳಗೆ ತಿತ್ಸಿಯಾನೊ ಅಂದವಾಗಿ ಬರೆಸಿದ್ದ ಕಾರ್ಡು: 'ಮೊಳೆ ಸಿಗದ ರಾತ್ರಿ.'

ಆ ರಾತ್ರಿ ಪಾರ್ಮಾದಲ್ಲಿ ಮೂರನೆಯ ಅಂಕದ ನಡುವೆ ಬರ್ತಾಸ್ಸಿಯ ದನಿ ಒಡೆದಿತ್ತು. ಮತ್ತೆ ಅವನು ಹಾಡಲಿಲ್ಲ. ಊರಿಗೆಲ್ಲ ಗೊತ್ತಿದ್ದ ಕಥೆ ಅದು.

"ಮರೆಶಾಲ್ಲೊ." ತಿತ್ಸಿಯಾನೊ ಎದ್ದು ಬಂದ. "ಇದನ್ನ ನೋಡಿ. ಪಟ್ಟಿಯಲ್ಲಿ ಇಲ್ಲದ್ದು."

ಅವನ ಅಂಗೈಯಲ್ಲಿ ಒಂದು ಮೊಳೆ. ಕೆಂಪು ದಾರ. ಹಳದಿಗಟ್ಟಿದ ಚೀಟಿಯ ಮೇಲೆ: ಪಾರ್ಮಾ, ೧೧ ಮಾರ್ಚ್ ೧೯೮೮.

"ಪೆಟ್ಟಿಗೆ ತಳದ ಮಖಮಲ್ಲಿನ ಕೆಳಗೆ ಸಿಕ್ಕೊಂಡಿತ್ತು ಅನ್ಸತ್ತೆ. ಅವರೇ ಮಾಡಿಸಿದ ಪೆಟ್ಟಿಗೆ, ನಾನು ಬಟ್ಟೆ ಕಿತ್ತು ನೋಡಿರ್ಲಿಲ್ಲ. ಆವತ್ತೂ ಮೊಳೆ ಸಿಕ್ಕಿತ್ತು, ಮರೆಶಾಲ್ಲೊ. ಕಥೆಯೇ ಸುಳ್ಳು."

ಜೆಲಿಂದಾ ತಿರುಗಲಿಲ್ಲ. ಒಂದು ತೋಳಿನ ಗುಂಡಿ ಹಾಕುತ್ತಲೇ ಕೇಳಿದಳು.

"ಹಾಗಾದ್ರೆ ಆ ಕಾರ್ಡು ತೆಗೀತೀರಾ, ದೊತ್ತೋರೆ?"

* * *

ಲೋರಿಸ್ ತನ್ನ ಗ್ಯಾರೇಜಿನಲ್ಲಿ ವ್ಯಾನಿನ ಕೆಳಗೆ ಮಲಗಿದ್ದ. ನಿವೆಸಳ ಬೂಟು ಕಂಡೇ ಮಾತಾಡಿದ.

"ಬಂದ್ರಾ. ಬೆಳಿಗ್ಗೆಯಿಂದ ಕಾಯ್ತಿದ್ದೆ."

"ನಿನ್ನೆ ಸಂಜೆ ನಿನ್ನ ವ್ಯಾನು ಆ ಮನೆ ಮುಂದೆ ಇತ್ತು. ಬೇಕರಿಯವಳು ನೋಡಿದಾಳೆ."

"ಇತ್ತು. ನೆಲಮಾಳಿಗೆಯಿಂದ ವೈನಿನ ಜಾಡಿ ತಗೊಂಡೆ. ಅದು ನಮ್ಮಪ್ಪಂದು."

"ಗಡಿಯಾರಕ್ಕೆ ಎಷ್ಟು ಬರುತ್ತೆ ಅಂತ ಮಿಲಾನಿನಲ್ಲಿ ವಿಚಾರಿಸಿದ್ದೆಯಂತೆ."

"ಬೇಸಿಗೆಯಲ್ಲಿ. ತಪ್ಪಾ?" ಅವನು ಹೊರಗೆ ಜರುಗಿ ಎದ್ದು ಕೂತ. ಮುಖದ ತುಂಬ ಎಣ್ಣೆ. "ಆ ಮನೇಲಿ ಒಂದು ಬಾಚಣಿಗೆಗೂ ನಂಬರು ಹಾಕಿದಾರೆ. ದೊಡ್ಡಪ್ಪನ ಹಲ್ಲುಜ್ಜೋ ಬ್ರಷ್ಷಿಗೂ ಗಾಜಿನ ಪೆಟ್ಟಿಗೆ. ಬದುಕಿರೋ ನಂಟ ನಾನೊಬ್ಬ ಇದೀನಿ, ನನಗೆ ಮಾತ್ರ ನಂಬರಿಲ್ಲ."

"ತಮಾಷೆ ಸಾಕು. ಕದ್ದೆಯಾ?"

"ಕದ್ದಿದ್ರೆ ಪೆಟ್ಟಿಗೆ ಯಾಕೆ ಒಡೀಲಿ? ಅದರ ಬೀಗ ಎರಡು ವರ್ಷದಿಂದ ಕೆಟ್ಟಿದೆ. ಮುಚ್ಚಳ ಎತ್ತಿದ್ರೆ ಬರುತ್ತೆ. ಮನೆ ಬೀಗದ ಕೈ ಇರೋ ಮೂವರಿಗೂ ಅದು ಗೊತ್ತು."

ನಿವೆಸ್ ಲೆಕ್ಕ ಹಾಕಿದಳು. ಅದು ನಿಜವಾದರೆ ಪೆಟ್ಟಿಗೆ ಒಡೆದದ್ದು ತೆಗೆಯುವುದಕ್ಕಲ್ಲ.

"ನನ್ನ ಒಳಗೆ ಹಾಕ್ತೀರಾ?" ಲೋರಿಸ್ ಮೆಲ್ಲಗೆ ಕೇಳಿದ.

"ಊರು ಬಿಟ್ಟು ಹೋಗಬೇಡ."

* * *

ಸಂಗ್ರಹಾಲಯಕ್ಕೆ ಮರಳಿ ಬಂದಾಗ ತಿತ್ಸಿಯಾನೊ ಫೋನಿನಲ್ಲಿದ್ದ. ಪತ್ರಿಕೆಯವರಿಗೆ ಹೊಸ ಮೊಳೆಯ ಸುದ್ದಿ ಹೇಳುತ್ತಿದ್ದ. ನಿವೆಸ್ ಮೇಜಿನ ಮುಂದೆ ಕೂತಳು. ಹೊರಗೆ ಮಂಜಿನ ಮಧ್ಯಾಹ್ನ. ಮೊಳೆಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದಳು.

ಅವಳ ಅಪ್ಪ ಒರೆಸ್ತೆ ಮೂವತ್ತು ವರ್ಷ ಪಾರ್ಮಾದ ರಂಗಮಂದಿರದಲ್ಲಿ ದೃಶ್ಯ ಕಟ್ಟಿ ಬಿಚ್ಚುವ ಕೆಲಸ ಮಾಡಿದವನು. ಮನೆಗೆ ಬಂದರೆ ಜೇಬಿನಿಂದ ಮೊಳೆ ಸುರಿಯುತ್ತಿದ್ದವು. ಚಿಕ್ಕವಳಿದ್ದಾಗ ಅವನ್ನು ನೆಟ್ಟಗೆ ಮಾಡುವುದೇ ಅವಳ ಕೆಲಸ. ಸುತ್ತಿಗೆಯ ಸೀಳಿನಲ್ಲಿ ಸಿಕ್ಕಿಸಿ ಹಲಗೆಯಿಂದ ಕಿತ್ತ ಮೊಳೆ ಹೇಗಿರುತ್ತದೆಂದು ಅವಳ ಬೆರಳಿಗೆ ಗೊತ್ತಿತ್ತು. ತಲೆಯ ಕೆಳಗೆ ಎರಡು ಕಡೆ ತರಚು. ನಡುವಿನಲ್ಲಿ ಬಿಲ್ಲಿನಂಥ ನಿಧಾನದ ಬಾಗು.

ಹೊಸದಾಗಿ ಸಿಕ್ಕ ಮೊಳೆ ಹಾಗಿರಲಿಲ್ಲ. ಒಂದೇ ಕಡೆ ಚೂಪಾಗಿ ಮಡಚಿಕೊಂಡಿತ್ತು. ಮಡಿಕೆಯ ಎರಡೂ ಪಕ್ಕ ಇಕ್ಕಳದ ಹಲ್ಲಿನ ಗುರುತು.

ನಿವೆಸ್ ಉಳಿದವನ್ನು ನೋಡಿದಳು. ಮೊದಲ ಸಾಲುಗಳೆಲ್ಲ ಸುತ್ತಿಗೆಯವು. ಒಂದು ಮೊಳೆಯ ಬಳಿ ಅವಳ ಕೈ ನಿಂತಿತು. ಅಕ್ಟೋಬರ್ ೧೯೬೯. ಇಕ್ಕಳದ ಹಲ್ಲು. ಮುಂದಿನದೂ. ಅದರ ಮುಂದಿನದೂ. ಅಲ್ಲಿಂದ ಕೊನೆಯವರೆಗೆ ಎಲ್ಲವೂ.

ಚೀಟಿಗಳ ಅಕ್ಷರವೂ ಅಲ್ಲಿಯೇ ಬದಲಾಗಿತ್ತು.

ಅವಳು ಎದ್ದು ಗೊಂಬೆಗಳ ಮುಂದೆ ನಡೆದಳು. ಜೆಲಿಂದಾಳ ಕೈ ಬಿದ್ದ ಉಡುಪುಗಳು ಸೈನಿಕರ ಹಾಗೆ ನೆಟ್ಟಗಿದ್ದವು. ಒಂದು ಮಾತ್ರ ಅಲ್ಲ. ರಾಜನ ಪಾತ್ರದ ನೀಲಿ ಕೋಟು. ಅದರ ಎಡ ಭುಜ ಒಂದು ಬೆರಳಿನಷ್ಟು ಇಳಿದಿತ್ತು. ಬೆಳಿಗ್ಗೆ ಜೆಲಿಂದಾ ಅದೊಂದನ್ನು ದಾಟಿ ಮುಂದಿನದಕ್ಕೆ ಹೋಗಿದ್ದು ಈಗ ನೆನಪಾಯಿತು.

* * *

ಸಂಜೆ ನಾಲ್ಕಕ್ಕೆ ನಿವೆಸ್ ಮೂವರನ್ನೂ ಕರೆಸಿದಳು. ಲೋರಿಸ್ ಬಾಗಿಲ ಬಳಿ ನಿಂತ. ಜೆಲಿಂದಾ ಕುರ್ಚಿಯ ತುದಿಯಲ್ಲಿ ಕೂತಳು, ಮಡಿಲಲ್ಲಿ ಕೈಚೀಲ.

"ಈ ಮನೆಯಿಂದ ಏನೂ ಹೊರಗೆ ಹೋಗಿಲ್ಲ," ಎಂದಳು ನಿವೆಸ್. "ದೊತ್ತೋರೆ, ಆ ನೀಲಿ ಕೋಟಿನ ಒಳಗಡೆ, ಎಡಕ್ಕೆ, ಅಸ್ತರಿನ ಕೆಳಗೆ ಕೈ ಹಾಕಿ."

"ಅಲ್ಲಿ ಜೇಬಿಲ್ಲ."

"ಇದೆ."

ತಿತ್ಸಿಯಾನೊನ ಬೆರಳು ತಡಕಾಡಿತು. ಒಂದು ಬಿಳಿ ಕರವಸ್ತ್ರದ ಗಂಟು ಹೊರಬಂತು. ಒಳಗೆ ಗಡಿಯಾರ, ಎರಡು ಪದಕ.

"ನಮ್ಮಪ್ಪ ಹೇಳ್ತಿದ್ದ. ಸಿಕ್ಕ ಮೊಳೆಯನ್ನ ಗಾಯಕರು ಎದೆ ಹತ್ರ ಇಟ್ಕೊಂಡು ಹಾಡ್ತಾರೆ, ಅದಕ್ಕೊಂದು ಕಳ್ಳಜೇಬು ಇರುತ್ತೆ ಅಂತ. ಅದು ಹೊಲಿದವರಿಗೆ, ತೊಟ್ಟವರಿಗೆ ಮಾತ್ರ ಗೊತ್ತು. ತೊಟ್ಟವರು ಈಗಿಲ್ಲ."

ಯಾರೂ ಜೆಲಿಂದಾಳ ಕಡೆ ನೋಡಲಿಲ್ಲ.

"ಮುಚ್ಚಳ ಎತ್ತಿದರೆ ಬರೋ ಪೆಟ್ಟಿಗೆ ಒಡೆದರು. ಯಾಕೆ? ಮೊಳೆಗಳು ಚೆಲ್ಲಬೇಕಿತ್ತು. ಚೆಲ್ಲಿದ್ರೆ ತಾನೇ ತಳದಲ್ಲಿ ಸಿಕ್ಕಿಕೊಂಡಿದ್ದು ಈಚೆಗೆ ಬಂತು ಅಂತ ನಂಬೋದು. ಗಡಿಯಾರ ಮರೆಯಾಗಿದ್ದು ಬರೀ ಕಣ್ಣಿಗೆ ಮಣ್ಣೆರಚೋಕೆ. ಕಳ್ಳತನ ಆದ ಮನೇಲಿ ಹೋದದ್ದನ್ನ ಹುಡುಕ್ತೀವಿ. ಸೇರಿದ್ದನ್ನ ಯಾರು ಅನುಮಾನಿಸ್ತಾರೆ?" ಅವಳು ಮೊಳೆಯನ್ನು ಎತ್ತಿ ಹಿಡಿದಳು. "ಚೀಟಿ ಹಳೇದು. ಮೊಳೇನೂ ಹಳೇದು, ಮೈಯೆಲ್ಲ ತುಕ್ಕು. ಆದರೆ ಇಕ್ಕಳ ಕಚ್ಚಿದ ಗುರುತು ಇನ್ನೂ ಹೊಳೀತಿದೆ. ಬಾಗಿಸಿ ಒಂದು ವಾರ ಆಗಿರಬಹುದು. ಎಲ್ಲೀದು, ಸಿನ್ಯೋರಾ?"

"ನಮ್ಮ ಸೌದೆ ಕೊಟ್ಟಿಗೇದು. ಚೀಟಿ ಆಗಿನ ಕಟ್ಟಿನಲ್ಲಿ ಉಳಿದಿದ್ದು," ಎಂದಳು ಜೆಲಿಂದಾ.

ಲೋರಿಸ್ ಗೋಡೆಗೆ ಒರಗಿದ. "ಜೆಲಿಂದಾ, ನನ್ನ ಮೇಲೆ ಬರುತ್ತೆ ಅಂತ ಗೊತ್ತಿರ್ಲಿಲ್ವಾ?"

"ಶನಿವಾರ ಬೆಳಿಗ್ಗೆ ನಾನೇ ಕೋಟು ಝಾಡಿಸಿ ಗಡಿಯಾರ ಬೀಳಿಸ್ತಿದ್ದೆ. ಮೂರು ದಿನ ತಾನೆ ಅಂದ್ಕೊಂಡೆ." ಅವಳು ತಲೆ ತಗ್ಗಿಸಿದಳು. "ನಿನ್ನ ಮೂರು ದಿನ ಲೆಕ್ಕಕ್ಕೆ ತಗೊಳ್ಳಲಿಲ್ಲ. ಅದು ತಪ್ಪು."

"ಅರವತ್ತೊಂಬತ್ತರಿಂದ ಎಲ್ಲ ಮೊಳೆಗಳೂ ನಿಮ್ಮವೇ," ಎಂದಳು ನಿವೆಸ್.

ತಿತ್ಸಿಯಾನೊ ಕೂತುಬಿಟ್ಟ.

"ನಾನು ಸೇರಿದ ವರ್ಷ," ಜೆಲಿಂದಾ ನಿಧಾನವಾಗಿ ಹೇಳಿದಳು. "ಒಂದು ಸಂಜೆ ಎಷ್ಟು ಹುಡುಕಿದ್ರೂ ಮೊಳೆ ಸಿಗಲಿಲ್ಲ. ಗುಂಡಿ ಹಾಕೋಕೂ ಬಿಡ್ತಿರ್ಲಿಲ್ಲ ಅವರು. ಓಡಿಹೋಗಿ ಒಂದನ್ನ ಬಾಗಿಸಿ ಹಾಕಿ ಬಂದೆ. ಮಗು ಥರ ನಕ್ಕರು. ಆಮೇಲೆ ಪ್ರತಿಸಲ ಹಾಕ್ದೆ. ಇಕ್ಕಳ ಹೊಲಿಗೆ ಡಬ್ಬೀಲೇ ಇರ್ತಿತ್ತು."

"ಆ ಹನ್ನೊಂದನೇ ತಾರೀಖು?"

"ಮಧ್ಯಾಹ್ನ ಪತ್ರಿಕೆಯವರು ಬಂದಿದ್ರು. ನನಗೆ ಯಾರ ಹಂಗೂ ಇಲ್ಲ, ನನ್ನ ಅದೃಷ್ಟ ನಾನೇ ಹೆಕ್ಕಿಕೊಂಡೆ ಅಂದ್ರು. ನಾನು ಪಕ್ಕದಲ್ಲೇ ಬೂಟಿಗೆ ಪಾಲಿಶ್ ಹಾಕ್ತಿದ್ದೆ. ಸರಿ, ಇವತ್ತು ಹೆಕ್ಕಿಕೊಳ್ಳಲಿ ಅಂದ್ಕೊಂಡೆ. ಮೊಳೆ ನನ್ನ ಏಪ್ರನ್ನಲ್ಲೇ ಇತ್ತು. ಮಂಡಿಯೂರಿ ಹಲಗೆ ಮೇಲೆಲ್ಲ ತಡಕಾಡ್ತಿದ್ದರು. ನೋಡಕ್ಕಾಗದೆ ಹೊರಗೆ ಹೋದೆ."

ಜೆಲಿಂದಾ ಕಿಟಕಿಯ ಕಡೆ ತಿರುಗಿದಳು.

"ದನಿ ಒಡೆದಾಗ ಗ್ಯಾಲರಿಯವರು ಸಿಳ್ಳೆ ಹಾಕ್ಲಿಲ್ಲ. ಪಾರ್ಮಾದವರು, ಸಣ್ಣ ತಪ್ಪಿಗೂ ಬಿಡದವರು. ಅಷ್ಟು ಜನ, ಒಂದು ಕೆಮ್ಮಿಲ್ಲ. ಆ ನಿಶ್ಶಬ್ದ ಈಗ್ಲೂ ನನ್ನ ಕಿವೀಲಿದೆ. ಆ ರಾತ್ರಿಗೇ ಗಾಜು ಹಾಕಿ, ಕಾರ್ಡು ಬರೆದು, ಬಂದವರಿಗೆಲ್ಲ ತೋರಿಸ್ತೀವಿ ಅಂದ್ರು ದೊತ್ತೋರೆ." ಅವಳು ಕೈಚೀಲದ ಕೊಂಡಿ ತೆಗೆದಳು, ಹಾಕಿದಳು. "ಆ ಖಾಲಿ ಜಾಗ ನಾನೇ. ಅಲ್ಲಿ ನಾನೇ ಮಲಗಿರೋದು."

ನಿವೆಸ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದಳು. ಪ್ರಕರಣ ಮುಗಿದಿತ್ತು. ಆದರೆ ಏನೋ ಒಂದು ಅವಳನ್ನು ಬಿಡಲಿಲ್ಲ.

"ಆಟ ಮುಗಿದ ಮೇಲೆ ಜೇಬು ಖಾಲಿ ಮಾಡ್ತಿದ್ದವರು ಯಾರು?"

"ನಾನೇ. ಮೊಳೆ ತೆಗೆದು ಚೀಟಿ ಕಟ್ಟೋದು ನನ್ನ ಕೆಲಸ."

"ಆ ರಾತ್ರಿ?"

"ನಾನು ಅವರ ಕೋಣೆಗೆ ಹೋಗಲಿಲ್ಲ. ಕೋಟನ್ನ ಯಾರೋ ಪೆಟ್ಟಿಗೆಗೆ ಹಾಕಿದ್ರು. ಅವತ್ತಿಂದ ಅದನ್ನ ಮುಟ್ಟಿಲ್ಲ."

ತಿತ್ಸಿಯಾನೊ ಆಗಲೇ ಎದ್ದಿದ್ದ. ಮಹಡಿಯ ಮೆಟ್ಟಿಲು ಕಿರುಗುಟ್ಟಿತು. ಉದ್ದನೆಯ ರಟ್ಟಿನ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟು, ಪದರ ಪದರವಾಗಿ ಕಾಗದ ಬಿಡಿಸಿದ. ಬೂದು ಬಣ್ಣದ ಕೋಟು. ಕಾಲರಿನಲ್ಲಿ ಇನ್ನೂ ಮುಖಬಣ್ಣದ ಕಲೆ. ಅಸ್ತರಿನ ಕೆಳಗೆ ಎರಡು ಬೆರಳು ಹಾಕಿ ಅವನು ಹಾಗೆಯೇ ನಿಂತ.

ಹೊರಗೆ ತೆಗೆದು ನಿವೆಸಳ ಅಂಗೈಗೆ ಹಾಕಿದ.

ಒಂದು ಮೊಳೆ. ಚೀಟಿಯಿಲ್ಲ, ದಾರವಿಲ್ಲ. ನಿವೆಸ್ ಬೆರಳಾಡಿಸಿದಳು. ತಲೆಯ ಕೆಳಗೆ ಎರಡು ಕಡೆ ತರಚು. ನಡುವಿನಲ್ಲಿ ಬಿಲ್ಲಿನಂಥ ಬಾಗು. ಅವಳ ಅಪ್ಪನೋ, ಅಪ್ಪನಂಥ ಇನ್ನೊಬ್ಬನೋ ಕಿತ್ತು ಬೀಳಿಸಿದ್ದು.

"ಸುತ್ತಿಗೇದು," ಎಂದಳು. "ಅವರಿಗೆ ಸಿಕ್ಕಿತ್ತು, ಸಿನ್ಯೋರಾ. ಅವರೇ ಹುಡುಕಿದ್ದು. ಅದನ್ನ ಎದೆ ಹತ್ರ ಇಟ್ಕೊಂಡೇ ಹಾಡಿದಾರೆ."

ಲೋರಿಸ್ ಉಸಿರು ಬಿಟ್ಟ. "ಹಾಗಾದ್ರೆ ನಿನ್ನಿಂದ ಆಗಿದ್ದಲ್ಲ, ಜೆಲಿಂದಾ. ಕೇಳಿಸ್ತಾ? ನಿನ್ನ ತಪ್ಪಲ್ಲ ಅದು."

ಜೆಲಿಂದಾ ಮೊಳೆಯನ್ನು ನೋಡುತ್ತಲೇ ಇದ್ದಳು. ಅವಳ ಮುಖದಲ್ಲಿ ಏನೋ ಇಳಿಯುವುದನ್ನು ನಿವೆಸ್ ಕಂಡಳು. ಅದು ಭಾರವೋ, ಇಷ್ಟು ವರ್ಷ ಅವಳನ್ನು ಎತ್ತಿ ಹಿಡಿದಿದ್ದ ಆಧಾರವೋ ತಿಳಿಯಲಿಲ್ಲ.

"ಹಾಗಾದ್ರೆ," ಎಂದಳು ಜೆಲಿಂದಾ, "ಉಳಿದ ರಾತ್ರಿಗಳಲ್ಲೂ ನನ್ನಿಂದ ಏನೂ ಆಗಿರಲಿಲ್ಲ."

ಅವಳು ಕೈಚೀಲದಿಂದ ಕೆಂಪು ದಾರದ ಉಂಡೆ ತೆಗೆದಳು. ತಾನು ಬಾಗಿಸಿದ ಮೊಳೆಯ ಗಂಟನ್ನು ಹಲ್ಲಿನಿಂದ ಬಿಚ್ಚಿದಳು. ಆ ಚೀಟಿಯನ್ನು ಕೋಟಿನಲ್ಲಿ ಸಿಕ್ಕ ಮೊಳೆಗೆ ಕಟ್ಟಿ, ಎರಡು ಸಲ ಬಿಗಿದು, ದಾರದ ತುದಿಯನ್ನು ಕತ್ತರಿಸಿದಳು. ಸೌದೆ ಕೊಟ್ಟಿಗೆಯ ಮೊಳೆ ಮೇಜಿನ ಮೇಲೆ ಬೆತ್ತಲೆ ಬಿದ್ದಿತ್ತು.

"ಇದು, ದೊತ್ತೋರೆ?" ಅದನ್ನು ತೋರಿಸಿ ಕೇಳಿದಳು. "ಇದಕ್ಕೂ ಒಂದು ನಂಬರು ಹಾಕ್ತೀರಾ?"