ಹೇಂಟೆ ಕೂತ ಕಿರೀಟ

ಬಹಳ ಹಿಂದೆ, ಕಡಲಿನ ಮೃಗಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹವಳಪಟ್ಟಣವೆಂಬ ನಗರವಿತ್ತು. ಅದರ ಅಂಚಿನಲ್ಲಿ ಮೀನುಗಾರರ ಬಲೆಗೇರಿ. ನಗರವನ್ನು ಒಂದಾದ ಮೇಲೊಂದು ಮೂರು ಸಾಮ್ರಾಜ್ಯಗಳು ಆಳಿದವು. ಬರುವಾಗ ನಗಾರಿ ಬಾರಿಸಿಕೊಂಡು ಬಂದವರಿಗೆ ಹೋಗುವಾಗ ಚಪ್ಪಲಿ ಮೆಟ್ಟಲೂ ಪುರುಸೊತ್ತಿರಲಿಲ್ಲ. ಅವರು ಬಿಟ್ಟೋಡಿದ್ದನ್ನೆಲ್ಲ ಕೇರಿಯವರು ಹೆಕ್ಕಿ ತಂದು ಮನೆಗೆಲಸಕ್ಕೆ ಹಚ್ಚುತ್ತಿದ್ದರು.

ಅವರ ನಂತರ ಬಂದ ನಾಲ್ಕನೆಯ ರಾಜನ ಮಂತ್ರವಾದಿ ಘೋರಾಕ್ಷನಿಗೆ ಮೀನಿನ ವಾಸನೆಯೆಂದರೆ ಆಗುತ್ತಿರಲಿಲ್ಲ. ಅವನು ಮಾಯಾದಂಡ ಬೀಸಿ, ಹಳೆಯ ಸಾಮ್ರಾಜ್ಯಗಳನ್ನು ಕಾಯುತ್ತಿದ್ದ ಮೂರು ಕಡಲಮೃಗಗಳನ್ನು ಎಬ್ಬಿಸಿದ. “ನಿಮ್ಮ ಅರಸರ ಅಪ್ಪಣೆಯಾಗಿದೆ, ಬಲೆಗೇರಿಯನ್ನು ನುಂಗಿ!” ಎಂದು ಸುಳ್ಳು ಹೇಳಿದ.

ಕೇರಿಯವರು ಗಂಟುಮೂಟೆ ಕಟ್ಟಿದರು. ಮೀನು ಮಾರುವ ಲಚ್ಚಿಗೆ ಹತ್ತು ದಿನದ ಹಸುಗೂಸು, ಆ ಗುಡಿಸಲು ಬಿಟ್ಟರೆ ಬೇರೆ ನೆಲವಿಲ್ಲ. ಅವಳು ಕದಲಲಿಲ್ಲ.

ಮೊದಲ ದಿನ ಗುಡ್ಡದಷ್ಟು ದೊಡ್ಡ ಏಡಿ ಬಂತು. “ನನ್ನ ಅರಸನ ಗುರುತು ತೋರಿಸಿದವರ ಮಾತು ಕೇಳುತ್ತೇನೆ, ಇಲ್ಲವಾದರೆ ನುಂಗುತ್ತೇನೆ!” ಎಂದಿತು.

“ಅತ್ತೆ, ಆ ಮೊದಲನೆಯ ಅರಸನ ಕಿರೀಟ ಎಲ್ಲುಂಟು?” ಎಂದು ಲಚ್ಚಿ ಕೂಗಿದಳು.

“ಹೇಂಟೆ ಕಾವು ಕೂತಿರುವುದು ಅದರಲ್ಲೇ ಮಾರಾಯ್ತಿ!” ಎಂದಳು ಅತ್ತೆ ದುಗ್ಗಮ್ಮ.

ಲಚ್ಚಿ ಹೇಂಟೆಯ ಸಮೇತ ಕಿರೀಟ ಎತ್ತಿ ಹಿಡಿದು “ವಾಪಸು ಹೋಗು!” ಎಂದಳು. ಏಡಿ ತಲೆಬಾಗಿ ನೀರಿಗಿಳಿಯಿತು.

ಎರಡನೆಯ ದಿನ ಏಳು ಹೆಡೆಯ ಹಾವು ಬಂತು. ಅದೂ ಗುರುತು ಕೇಳಿತು. ಎರಡನೆಯ ಅರಸನ ಕತ್ತಿ ಲಚ್ಚಿಯ ಮನೆಯಲ್ಲೇ ಮೀನು ಕೊಯ್ಯುವ ಮೆಟ್ಟುಗತ್ತಿಯಾಗಿತ್ತು. ಕತ್ತಿ ಕಂಡು ಏಳು ಹೆಡೆಗಳೂ ಬಾಗಿದವು.

ಮೂರನೆಯ ದಿನ ಕಡಲಾನೆ ಬಂತು. ಲಚ್ಚಿ ಅರೆಯುವ ಗುಂಡನ್ನು ತಂದಳು. ಅದು ಮೂರನೆಯ ಅರಸನ ಕಲ್ಲಿನ ಮುದ್ರೆ. ತಿರುಗಿಸಿ ನೋಡಿದರೆ ಕೆತ್ತನೆಯೇ ಇಲ್ಲ! ಲಚ್ಚಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

“ಗುರುತು ಸವೆದುಹೋಯ್ತು ಮಾರಾಯ. ನೂರು ವರ್ಷ ಇದರಲ್ಲಿ ಮೆಣಸು ಅರೆದಿದ್ದೇವೆ. ನಿನ್ನ ಅರಸ ಸತ್ತು ಅದಕ್ಕಿಂತ ಹೆಚ್ಚಾಯ್ತು.”

ಆನೆ ಸೊಂಡಿಲಿನಿಂದ ಕಲ್ಲನ್ನು ಸವರಿತು.

“ಹಾಗಾದರೆ ಅಪ್ಪಣೆ ಕೊಟ್ಟವರು ಯಾರು?” ಎಂದಿತು.

ದಡದಲ್ಲಿ ದಂಡ ಹಿಡಿದು ನೋಡುತ್ತ ನಿಂತಿದ್ದ ಘೋರಾಕ್ಷನ ಕಡೆ ಲಚ್ಚಿ ಕೈ ತೋರಿಸಿದಳು. ಆನೆ ಒಮ್ಮೆ ಜೋರಾಗಿ ಸೀನಿತು. ಘೋರಾಕ್ಷ ಹಾರಿ ಏಳು ಸಮುದ್ರಗಳಾಚೆ ಬಿದ್ದ. ದಂಡ ಮಾತ್ರ ಲಚ್ಚಿಯ ಅಂಗಳದಲ್ಲಿ ಬಿತ್ತು. ಯಾರ ಆಳೂ ಅಲ್ಲದ ಆನೆ ಖುಷಿಯಿಂದ ಈಜುತ್ತ ಹೋಯಿತು.

ಗಂಟು ಕಟ್ಟಿದವರು ಗಂಟು ಬಿಚ್ಚಿದರು, ಒಲೆ ಹಚ್ಚಿದರು. ಕೇರಿ ಸುಖವಾಗಿತ್ತು. ದಂಡವನ್ನು ಸುಡಬೇಕೆಂದು ಕೆಲವರು ಹೇಳಿದಾಗ ದುಗ್ಗಮ್ಮ ಬಿಡಲಿಲ್ಲ.

“ಗಟ್ಟಿ ಮರ, ಸುಮ್ಮನೆ ಯಾಕೆ ಹಾಳು ಮಾಡುವುದು?” ಎಂದು ಅದನ್ನು ಅಡ್ಡತೊಲೆಗೆ ಬಿಗಿದಳು. ಲಚ್ಚಿ ಅದಕ್ಕೆ ಹಳೆಯ ಸೀರೆಯ ಜೋಲಿ ಕಟ್ಟಿ ಮಗುವನ್ನು ಮಲಗಿಸಿದಳು.