ಕೀಬೋರ್ಡ್ ಆರಿಸಿಕೊಟ್ಟವಳು

"ಅಯ್ಯ, ಇದಕ್ಕ ದನೀನೇ ಇಲ್ಲಲ್ಲ!"

ಸ್ನೇಹಲ್ ತಟ್ಟನೆ ತಿರುಗಿದಳು. ಬಾಂದ್ರಾದ ಈ ವಾದ್ಯಗಳ ಅಂಗಡಿಗೆ ಕೆಲಸಕ್ಕೆ ಸೇರಿದ ಮೇಲೆ ಇಲ್ಲಿ ಒಬ್ಬರ ಬಾಯಲ್ಲೂ ಅವಳು ಕನ್ನಡ ಕೇಳಿರಲಿಲ್ಲ. ಅದೂ ಮನೆಯಲ್ಲಿ ಅಪ್ಪ ಆಡುವಂಥ ಕನ್ನಡ!

ಪ್ರದರ್ಶನಕ್ಕಿಟ್ಟ ಕೀಬೋರ್ಡಿನ ಮುಂದೆ ಒಬ್ಬ ಯುವಕ ಪೆಚ್ಚಾಗಿ ನಿಂತಿದ್ದ. ಅವನ ಬಲಗೈ ಬೆರಳುಗಳು ಕೀಗಳ ಮೇಲೆ ಹಗುರವಾಗಿ ಓಡುತ್ತಿದ್ದವು. ಎಡಗೈ ಮಾತ್ರ ಕೀಬೋರ್ಡಿನ ಹಿಂದಕ್ಕೆ ಹೋಗಿ, ಇಲ್ಲದ ತಿದಿಯನ್ನು ಒತ್ತುತ್ತಾ ಬರೀ ಗಾಳಿಯನ್ನು ತಳ್ಳುತ್ತಿತ್ತು.

ಹಾರ್ಮೋನಿಯಂ ನುಡಿಸುವ ಕೈ! ಅಪ್ಪನ ಪೇಟಿಯ ಪಕ್ಕದಲ್ಲೇ ಬೆಳೆದ ಹುಡುಗಿಗೆ ಅದನ್ನು ಗುರುತಿಸಲು ಒಂದು ಕ್ಷಣ ಸಾಕಾಯಿತು. ಅವಳಿಗೆ ನಗು ತಡೆಯಲಾಗಲಿಲ್ಲ.

"ಇದು ಮಿಡಿ ಕೀಬೋರ್ಡ್ ರೀ, ಇದಕ್ಕ ಸ್ವಂತ ದನಿ ಇರೂದಿಲ್ಲ. ದನಿ ಎಲ್ಲಾ ಕಂಪ್ಯೂಟರ್‌ನಾಗ ಇರತೈತಿ. ಪಿಟೀಲು, ಕೊಳಲು, ಡ್ರಮ್... ನೀವು ಇಲ್ಲಿ ಒತ್ತಿದ್ರ ಅದು ಅಲ್ಲಿ ನುಡೀತೈತಿ."

ಅವನು ಕಣ್ಣರಳಿಸಿದ. "ನೀವು... ನಮ್ಮ ಕಡೆಯವರಾ?"

"ಧಾರವಾಡದವರು. ನಾನು ಹುಟ್ಟಿದ್ದು ಮಾತ್ರ ಇಲ್ಲೇ ದಹಿಸರ್‌ನಾಗ. ಕನ್ನಡ ಥೋಡಾ ಥೋಡಾ ಬರತೈತಿ."

"ಇಷ್ಟು ಛಂದ ಮಾತಾಡಿ ಥೋಡಾ ಅಂತೀರಲ್ರೀ!"

ಅಬ್ಬಾ... ಆ ನಗು! ಸ್ನೇಹಲ್ ಆ ಮುಖವನ್ನೇ ನೋಡುತ್ತಾ ನಿಂತುಬಿಟ್ಟಳು.

ಅವನ ಹೆಸರು ಸಾಯಬಣ್ಣ. ವಿಜಯಪುರದವನು. ಬೇರೆಯವರ ರೆಕಾರ್ಡಿಂಗಿಗೆ ಪೇಟಿ ನುಡಿಸುತ್ತಿದ್ದವನಿಗೆ ಈಗ ಮೊದಲ ಬಾರಿಗೆ ಒಂದು ಮರಾಠಿ ಸಿನಿಮಾದ ಹಿನ್ನೆಲೆ ಸಂಗೀತ ಮಾಡುವ ಕೆಲಸ ಸಿಕ್ಕಿತ್ತು.

"ನನಗ ಇದರಾಗ ಏನೂ ತಿಳಿಯೂದಿಲ್ರೀ. ನೀವು ಯಾವುದು ಅಂತೀರೋ ಅದ," ಎಂದ.

ಮೇಜಿನ ಮೇಲೆ ಎರಡು ಇದ್ದವು. ಒಂದು ಚಿಕ್ಕದು, ಹಗುರವಾದ ಕೀಗಳು, ಎಡಗೈಗೆ ಸಿಗುವಂತೆ ಪಕ್ಕದಲ್ಲೇ ಒಂದು ಚಕ್ರ. ಅದನ್ನು ತಿರುಗಿಸಿದರೆ ಕಂಪ್ಯೂಟರಿನ ಪಿಟೀಲಿನ ದನಿ ಪೇಟಿಗೆ ಗಾಳಿ ಹಾಕಿದ ಹಾಗೆ ಏರುತ್ತಿತ್ತು, ಇಳಿಯುತ್ತಿತ್ತು. ಇನ್ನೊಂದು ಪಿಯಾನೋ ಕಲಿತವರಿಗೆಂದೇ ಮಾಡಿದ ದೊಡ್ಡದು. ಕೀಗಳು ಭಾರ, ಚಕ್ರ ಮೇಲೆಲ್ಲೋ ಮೂಲೆಯಲ್ಲಿ.

ಇವನಿಗೆ ಯಾವುದು ಸರಿ ಎಂದು ಸ್ನೇಹಲಳಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಚಿಕ್ಕದನ್ನು ಕೊಂಡವರು ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದರು, ಅಲ್ಲಿಗೆ ಮುಗಿಯಿತು. ದೊಡ್ಡದನ್ನು ಕೊಂಡವರಿಗೆ ಮಾತ್ರ ಅಂಗಡಿಯವರೇ ಮನೆಗೆ ಹೋಗಿ, ಕಂಪ್ಯೂಟರಿಗೆ ಜೋಡಿಸಿ, ಆಗಾಗ ಹೋಗಿ ಕಲಿಸಿ ಬರಬೇಕು. ಹಾಗೆ ಹೋಗುವವಳು ಸ್ನೇಹಲ್!

'ಚಿಕ್ಕದು ಕೊಟ್ಟರೆ ಈಗ ಹೋದವನು ಮತ್ತೆ ಬರುವುದಿಲ್ಲ...'

"ಸಿನಿಮಾಕ್ಕ ಅಂದ್ರ ದೊಡ್ಡದ ಬೇಕಾಗ್ತದ," ಎಂದಳು, ಅವನ ಮುಖ ನೋಡದೆ.

ಪ್ರೀತಿ ಮನುಷ್ಯರನ್ನು ಒಳ್ಳೆಯವರನ್ನಾಗಿ ಮಾಡುತ್ತದೆ ಅನ್ನುತ್ತಾರೆ. ಹೇಳುವವರಿಗೇನು! ನಮ್ಮ ಸ್ನೇಹಲಳನ್ನು ಅದು ಮೊದಲು ಸುಳ್ಳುಗಾರ್ತಿಯನ್ನಾಗಿ ಮಾಡಿತು.

* * *

ಜೋಗೇಶ್ವರಿಯ ಒಂದು ಲೇಥ್ ಕಾರ್ಖಾನೆಯ ಮೇಲಿನ ಕೋಣೆ ಅವನದು. ಕೆಳಗೆ ಮಷೀನು ಓಡುವಾಗ ಗೋಡೆಗಳೆಲ್ಲ ನಡುಗುತ್ತಿದ್ದವು. ಕಾರ್ಮಿಕರು ಊಟಕ್ಕೆ ಎದ್ದಾಗ ಸಿಗುವ ಶಾಂತಿಯಲ್ಲೇ ಅವನು ಮೈಕ್ ಇಟ್ಟು ಪೇಟಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದ.

ಸ್ನೇಹಲ್ ಹೋದಾಗಲೆಲ್ಲ ಚಹಾ, ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ, ಮುಗಿಯದ ಮಾತು. ಒಂದು ದಿನ ಅವನು "ನೀವು ಬಂದ್ರ ಈ ಖೋಲಿ ದೊಡ್ಡದಾಗತೈತಿ ನೋಡ್ರಿ," ಅಂದ. ಲೋಕಲ್ ರೈಲಿನಲ್ಲಿ ದಹಿಸರ್‌ವರೆಗೂ ಅವಳು ಆ ಮಾತನ್ನೇ ನೆನೆದು ನಗುತ್ತಾ ಬಂದಳು.

ಆದರೆ ನಗು ಬಹಳ ದಿನ ಬಾಳಲಿಲ್ಲ.

ಅವನ ಮಣಿಕಟ್ಟು ಊದತೊಡಗಿತು. ಭಾರದ ಕೀಗಳನ್ನು ಒತ್ತಿ ಒತ್ತಿ ಬೆರಳು ಮರಗಟ್ಟುತ್ತಿದ್ದವು. ಅವಳೇ ಔಷಧದ ಅಂಗಡಿಯಿಂದ ಪಟ್ಟಿ ತಂದು ಕಟ್ಟಿದಳು.

"ತಪ್ಪು ನನ್ನ ಕೈದು ಬಿಡ್ರಿ. ಭಜನಿ ಮೇಳದ ಕೈ ಇದು, ಸಿನಿಮಾಕ್ಕ ಎಲ್ಲಿ ಬಗ್ಗತೈತಿ?" ಅವನು ನಗಲು ನೋಡಿದ. "ಸೋಮವಾರದೊಳಗ ಸಂಗೀತ ಮುಗಿಸಿ ಕೊಡಲಿಲ್ಲಂದ್ರ ಡೈರೆಕ್ಟರ್ ಬ್ಯಾರೆಯವರಿಗೆ ಕೊಡತಾರಂತ. ಕೊಡಲಿ. ನಾ ಊರಿಗೆ ಹೋಗತೀನಿ."

"ಹಂಗ ಅನಬ್ಯಾಡ್ರಿ... ಕೀಬೋರ್ಡ್ ಸರಿ ಇಲ್ಲೋ ಏನೋ..."

"ಛೇ! ನೀವು ಆರಿಸಿ ಕೊಟ್ಟದ್ದು ತಪ್ಪಾಗತೈತೇನ್ರೀ?"

ಆ ಮಾತು ಅವಳ ಕೆನ್ನೆಗೆ ಹೊಡೆದಂತಾಯಿತು. ಹೇಳಿಬಿಡಬೇಕಿತ್ತು. ಆದರೆ ಚೀಲ ತೆಗೆದುಕೊಂಡು ಎದ್ದುಬಿಟ್ಟಳು.

ಅವತ್ತು ರಾತ್ರಿ ಮನೆಯಲ್ಲಿ ಊಟದ ಹೊತ್ತಿಗೆ ಅಪ್ಪ ದಾನಪ್ಪನ ಮುಂದೆ, "ಪಪ್ಪಾ, ಒಬ್ಬ ಗಿರಾಕಿ... ಪೇಟಿ ನುಡಿಸ್ತಾರ. ದೊಡ್ಡ ಕೀಬೋರ್ಡ್ ತಗೊಂಡು ಕೈ ಊದ್ಯಾವ," ಎಂದಳು.

"ಪೇಟಿ ಕೈಗೆ ಅಂಥ ಕಲ್ಲಿನಂಥಾ ಕೀ ಯಾರು ಕೊಟ್ರವ್ವ?" ದಾನಪ್ಪ ತುತ್ತು ಕೆಳಗಿಟ್ಟರು. "ಕೊಟ್ಟವರಿಗೆ ಒಂದೋ ತಲಿ ಇರಲಿಲ್ಲ, ಇಲ್ಲಾ ಮನಸು ಸ್ವಚ್ಛ ಇರಲಿಲ್ಲ."

"ನನಗೇನು ಗೊತ್ತು!" ಎಂದು ಅವಳು ಸಿಡುಕಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ! ದಾನಪ್ಪ ಮಗಳ ಮುಖವನ್ನೇ ನೋಡಿದರು.

* * *

ಮರುದಿನ ಅಂಗಡಿಯ ಮಾಲೀಕರ ಮುಂದೆ ಎಲ್ಲವನ್ನೂ ಒಪ್ಪಿಕೊಂಡಳು. ಬೈಗುಳ ತಿಂದಳು. ದೊಡ್ಡದನ್ನು ಆಮೇಲೆ ವಾಪಸು ತರಿಸಿಕೊಳ್ಳುವುದಾಗಿ ಹೇಳಿ ಚಿಕ್ಕದನ್ನು ಕೊಡಲು ಅವರು ಒಪ್ಪಿದ್ದೇ ತಡ, ಅದನ್ನು ಎದೆಗವಚಿಕೊಂಡು ಲೋಕಲ್‌ನ ಲೇಡೀಸ್ ಡಬ್ಬಿ ಹತ್ತಿದಳು.

"ಅಗಂ, ಜರಾ ಬಾಜೂಲಾ ಧರ್ ನಾ!" ಎಂದು, ಅದನ್ನು ಸ್ವಲ್ಪ ಪಕ್ಕಕ್ಕೆ ಹಿಡಿದುಕೊಳ್ಳುವಂತೆ ಯಾರೋ ಗದರಿದರು. ಅವಳಿಗೆ ಕೇಳಿಸಲೇ ಇಲ್ಲ.

ಕೋಣೆಯಲ್ಲಿ ಸಾಯಬಣ್ಣ ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದ. ಸ್ನೇಹಲ್ ಕೀಬೋರ್ಡನ್ನು ಮಂಚದ ಮೇಲಿಟ್ಟಳು.

"ನಿಮ್ಮ ಕೈದು ತಪ್ಪಿಲ್ಲ. ತಪ್ಪು ನಂದು."

"ಏನಂತೀರಿ?"

"ಮೊದಲನೇ ದಿನ ನಿಮ್ಮ ಕೈ ನೋಡಿದ ಕೂಡಲೇ ಗೊತ್ತಾಗಿತ್ತು, ನಿಮಗ ಇದ ಬೇಕು ಅಂತ. ಆದ್ರ... ದೊಡ್ಡದು ತಗೊಂಡ್ರನ ನನಗ ಇಲ್ಲಿಗೆ ಬರಾಕ ಆಗ್ತಿತ್ತು. ನಿಮ್ಮನ್ನ ಮತ್ತ ನೋಡಬೇಕಿತ್ತು. ಅದಕ್ಕ ಸುಳ್ಳು ಹೇಳಿದೆ." ಅವಳು ಕೈಮುಗಿದಳು. "ಮಾಫ್ ಮಾಡ್ರಿ..."

ಸಾಯಬಣ್ಣ ಕೈಯಲ್ಲಿದ್ದ ಅಂಗಿಯನ್ನು ಮಂಚದ ಮೇಲೆ ಬಿಸಾಡಿದ. ಕೆಳಗಿನ ಮಷೀನು ಅದೇಕೋ ಇವತ್ತೇ ಹೆಚ್ಚು ಸದ್ದು ಮಾಡುತ್ತಿತ್ತು.

"ಇಷ್ಟು ದಿನ ನನ್ನ ಕೈಗೆ ನಾನ ಬೈದೆ," ಎಂದ. "ಅವ್ವಗ ಫೋನ್ ಮಾಡಿ, ನನಗ ವಿದ್ಯಾ ಇಲ್ಲವ್ವ ಅಂದೆ. ನೀವು ನೋಡ್ಕೋತ ಕುಂತಿದ್ರಿ. ಈ ಪಟ್ಟಿ ಕಟ್ಟಿದವರೂ ನೀವ!"

"ಹೌದು," ಎಂದಳು.

"ಅದನ್ನ ಅಲ್ಲೇ ಇಟ್ಟು ಹೋಗ್ರಿ."

ಹೋದಳು. ಮೆಟ್ಟಿಲಿಳಿಯುವಾಗ ಕಣ್ಣು ಕಾಣಿಸದೆ ಗೋಡೆ ಹಿಡಿದುಕೊಂಡಳು. 'ಅವನು ನನ್ನನ್ನು ಕ್ಷಮಿಸದಿದ್ದರೂ ಬೇಡ. ಅವನ ಕೈ ಮೇಲೆ ಅವನಿಗೆ ನಂಬಿಕೆ ಬಂದರೆ ಸಾಕು ದೇವರೇ...'

* * *

ಸೋಮವಾರ ಕಳೆಯಿತು. ಫೋನ್ ಬರಲಿಲ್ಲ. ಅವಳು ಮಾಡಲೂ ಇಲ್ಲ. ಯಾವ ಮುಖ ಇಟ್ಟುಕೊಂಡು ಮಾಡುವುದು? ಅಂಗಡಿಯಲ್ಲಿ ಯಾರು ಏನು ಕೇಳಿದರೂ, "ನೀವು ಮೊದಲು ಏನು ನುಡಿಸುತ್ತಿದ್ದಿರಿ?" ಎಂದು ವಿಚಾರಿಸಿಕೊಂಡೇ ತೋರಿಸುತ್ತಿದ್ದಳು.

ಒಂದು ಮಧ್ಯಾಹ್ನ ತಲೆ ಎತ್ತಿದರೆ ಎದುರಿಗೆ ಸಾಯಬಣ್ಣ! ಕೈಯಲ್ಲಿ ಪಟ್ಟಿ ಇರಲಿಲ್ಲ.

'ಕೀಬೋರ್ಡ್ ವಾಪಸು ಕೊಡಲು ಬಂದನೇ? ಊರಿಗೆ ಹೋಗುತ್ತೇನೆ ಎನ್ನಲು ಬಂದನೇ?'

"ಡೈರೆಕ್ಟರ್ ನನ್ನ ಸಂಗೀತ ಕೇಳಿದ್ರು," ಎಂದ ಅವನು. "ಎರಡು ಸಲ ಕೇಳಿದ್ರು. ಆಮ್ಯಾಲ, ಸಿನಿಮಾದ ಮುಂದಿನ ರೀಲಿನ ಸಂಗೀತಾನೂ ನೀನ ಮಾಡು ಅಂದ್ರು."

ಸ್ನೇಹಲ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಂಗಡಿ, ಗಿರಾಕಿಗಳು, ಮಾಲೀಕರು ಯಾವುದೂ ನೆನಪಾಗದೆ ಅತ್ತುಬಿಟ್ಟಳು.

"ಅಳಬ್ಯಾಡ್ರಿ... ಒಂದು ಮಾತು ಕೇಳಲೇನು? ನನ್ನ ನೋಡಬೇಕು ಅನಿಸಿದ್ರ, ಬಾ ಅಂತ ಬಾಯಿ ಬಿಟ್ಟು ಹೇಳಬೇಕಿತ್ತಲ್ಲ?"

"ಹೇಳಿದ್ರ ಬರ್ತಿದ್ರೇನು?"

"ಬರ್ತಿದ್ದೆ. ಪೇಟಿ ಹೊತ್ಕೊಂಡು ಬರ್ತಿದ್ದೆ!"

ಅವಳು ಕಣ್ಣೊರೆಸಿಕೊಂಡು ಅವನನ್ನು ನೋಡಿದಳು. ಅವನ ಮುಖದಲ್ಲಿ ನಗುವಿರಲಿಲ್ಲ.

"ಸಿಟ್ಟು ಹೋಯಿತೇನು?" ಮೆಲ್ಲನೆ ಕೇಳಿದಳು.

"ಇಲ್ಲ. ಖರೇ ಹೇಳ್ತೀನಿ, ಇನ್ನೂ ಐತಿ. ಕೈ ನೋವಾದಾಗೆಲ್ಲ ಬರತೈತಿ."

"ಇರಲಿ. ಅದು ಇಳಿಯೂತನಕ ನಾ ದೂರ ಇದ್ದು ಕಾಯತೀನಿ."

"ದೂರ ಯಾಕ?" ಸಾಯಬಣ್ಣ ಅವಳ ಕೈ ಹಿಡಿದುಕೊಂಡ. "ಸಿಟ್ಟು ಮಾಡಾಕೂ ನನಗ ಈ ಊರಾಗ ನಿಮ್ಮನ್ನ ಬಿಟ್ರ ಯಾರದಾರ ಸ್ನೇಹಲ್?"